ಪೆಟ್ಟಿಗೆಯೊಳಗೆ ಕೂರದ ನಾಯಕ: 'ಭೀಮಾಯಣ' ಎಂಬ ಗ್ರಾಫಿಕ್ ಕಾದಂಬರಿ

ಮೊದಲೇ ಹೇಳಿಬಿಡುತ್ತೇನೆ. 'ಭೀಮಾಯಣ'ದ ಚಿತ್ರಗಳಿಗೆ ಐದಕ್ಕೆ ಐದು, ಬರವಣಿಗೆಗೆ ಮೂರು. ಸರಾಸರಿ ತೆಗೆದು ನಾಲ್ಕು ಅಂತ ಬರೆದರೆ ಪುಸ್ತಕಕ್ಕೆ ಅನ್ಯಾಯ ಆಗುತ್ತದೆ. ಯಾಕೆಂದರೆ ಇವೆರಡೂ ಒಂದೇ ಪುಟದಲ್ಲಿದ್ದರೂ ಬೇರೆ ಬೇರೆ ಕೆಲಸ ಮಾಡುತ್ತಿವೆ. ಚಿತ್ರಗಳು ಒಬ್ಬ ನಾಯಕನನ್ನು ತಳದಿಂದ ಹೊಸದಾಗಿ ಕಟ್ಟುತ್ತವೆ. ಮಾತುಗಳು ಬಹಳ ಕಡೆ ನಮ್ಮನ್ನು ಕೂರಿಸಿಕೊಂಡು ಪಾಠ ಹೇಳುತ್ತವೆ. ಆದರೂ ಕಾಮಿಕ್ಸ್ ಅಂದರೆ ಆಸೆಪಡುವ ಯಾರಿಗಾದರೂ ನಾನು ಕೈಗೆ ಕೊಡುವ ಮೊದಲ ಪುಸ್ತಕಗಳಲ್ಲಿ ಇದೂ ಒಂದು. ಒಬ್ಬ ಮನುಷ್ಯನನ್ನು ಹಾಳೆಯ ಮೇಲೆ 'ಹೀರೋ' ಮಾಡುವುದು ಅಂದರೆ ಏನು ಅನ್ನುವುದನ್ನು ಇದು ಬೇರೆ ದಾರಿಯಲ್ಲಿ ಯೋಚಿಸಿದೆ.

ಪುಸ್ತಕ ಬಂದದ್ದು 2011ರಲ್ಲಿ, ನವಯಾನ ಪ್ರಕಾಶನದಿಂದ. ಚಿತ್ರ ಬರೆದವರು ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್, ಗಂಡ ಹೆಂಡತಿ, ಮಧ್ಯಪ್ರದೇಶದ ಗೊಂಡ ಬುಡಕಟ್ಟಿನ ಪರಧಾನ್ ಸಮುದಾಯದ ಕಲಾವಿದರು. ಬರವಣಿಗೆ ಶ್ರೀವಿದ್ಯಾ ನಟರಾಜನ್ ಮತ್ತು ಎಸ್. ಆನಂದ್ ಅವರದು. ಮುನ್ನುಡಿ ಇಂಗ್ಲಿಷ್ ಲೇಖಕ, ಕಲಾವಿಮರ್ಶಕ ಜಾನ್ ಬರ್ಜರ್ ಅವರದು. ಕಥೆಯ ನಾಯಕ ಅಂಬೇಡ್ಕರ್. ಹುಟ್ಟಿನಿಂದ ಸಾವಿನವರೆಗಿನ ಪೂರ್ತಿ ಜೀವನಚರಿತ್ರೆ ಅಂದುಕೊಂಡು ಕೊಳ್ಳಬೇಡಿ, ನಿರಾಸೆ ಆಗುತ್ತದೆ. ಅಂಬೇಡ್ಕರ್ ತಮ್ಮ ಅನುಭವಗಳನ್ನು ಬರೆದಿಟ್ಟ 'ವೇಟಿಂಗ್ ಫಾರ್ ಎ ವೀಸಾ' ಅನ್ನುವ ಪುಟ್ಟ ಬರಹ ಇದೆಯಲ್ಲ, ಅದೇ ಇದರ ಬೆನ್ನೆಲುಬು. ಅಸ್ಪೃಶ್ಯತೆಯ ಕೆಲವೇ ಕೆಲವು ಘಟನೆಗಳು. ಅವನ್ನು ನೀರು, ಸೂರು, ಪ್ರಯಾಣ ಅಂತ ಮೂರು ಭಾಗ ಮಾಡಿದ್ದಾರೆ. ಈ ಮೂರು ಹೆಸರುಗಳ ವಿಷಯಕ್ಕೆ ಆಮೇಲೆ ಬರುತ್ತೇನೆ, ಅಲ್ಲೊಂದು ಜಾಣತನ ಇದೆ.

ಈಗ ಸ್ವಲ್ಪ ಆಚೆ ಹೋಗೋಣ. ಕಾಮಿಕ್ಸ್‌ನಲ್ಲಿ ನಾಯಕನನ್ನು ಸಾಮಾನ್ಯವಾಗಿ ಹೇಗೆ ಕಟ್ಟುತ್ತಾರೆ? 1938ರ 'ಆ್ಯಕ್ಷನ್ ಕಾಮಿಕ್ಸ್' ಮೊದಲ ಸಂಚಿಕೆಯ ಮುಖಪುಟ ನೆನಪಿಸಿಕೊಳ್ಳಿ. ಸೂಪರ್‌ಮ್ಯಾನ್ ಒಂದು ಕಾರನ್ನೇ ತಲೆಯ ಮೇಲೆ ಎತ್ತಿ ಹಿಡಿದಿದ್ದಾನೆ, ಜನ ದಿಕ್ಕೆಟ್ಟು ಓಡುತ್ತಿದ್ದಾರೆ. ಅವನು ಯಾರು, ಒಳ್ಳೆಯವನೋ ಕೆಟ್ಟವನೋ, ಒಂದೂ ಗೊತ್ತಿಲ್ಲದಿದ್ದರೂ ಕಣ್ಣು ಅವನ ಮೇಲೆಯೇ ನಿಲ್ಲುತ್ತದೆ. ಅಲ್ಲಿಂದ ಇಲ್ಲಿಯವರೆಗೆ ಉಪಾಯಗಳು ಹೆಚ್ಚೇನೂ ಬದಲಾಗಿಲ್ಲ. ಕೆಳಗಿನಿಂದ ಮೇಲಕ್ಕೆ ನೋಡುವ ಕೋನದಲ್ಲಿ ಬರೆದರೆ ಆಳು ಎತ್ತರ ಕಾಣುತ್ತಾನೆ. ಅವನು ಬರುವ ಕ್ಷಣಕ್ಕೆ ಇಡೀ ಪುಟ ಬಿಟ್ಟುಕೊಟ್ಟರೆ ಓದುವವರು ತಾವಾಗಿಯೇ ನಿಲ್ಲುತ್ತಾರೆ. ಎದೆಯ ಮೇಲೊಂದು ಗುರುತು, ಬೆನ್ನಿಗೊಂದು ಬಟ್ಟೆ, ಕತ್ತಲಲ್ಲೂ ಗೊತ್ತಾಗುವ ಆಕಾರ. ಇನ್ನು ಪ್ಯಾನೆಲ್‌ಗಳ, ಅಂದರೆ ಒಂದೊಂದು ಚಿತ್ರದ ಚೌಕಗಳ, ನಡುವಿನ ಖಾಲಿ ಬಿಳಿ ಪಟ್ಟಿ. ಈ ಪಟ್ಟಿಯ ಕೆಲಸವನ್ನು ಕಾಮಿಕ್ಸ್ ಕಲಾವಿದ ಸ್ಕಾಟ್ ಮೆಕ್‌ಕ್ಲೌಡ್ ಕಾಮಿಕ್ಸ್ ಬಗ್ಗೆಯೇ ಬರೆದ 1993ರ ತಮ್ಮ ಪುಸ್ತಕದಲ್ಲಿ ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ಒಂದು ಪ್ಯಾನೆಲ್‌ನಲ್ಲಿ ಮುಷ್ಟಿ ಮೇಲೆದ್ದಿದೆ. ಮುಂದಿನದರಲ್ಲಿ ಎದುರಾಳಿ ನೆಲದ ಮೇಲಿದ್ದಾನೆ. ಹೊಡೆತ ಬಿದ್ದದ್ದು ಎಲ್ಲಿ? ಆ ಬಿಳಿ ಪಟ್ಟಿಯಲ್ಲಿ. ಅಂದರೆ ನಮ್ಮ ತಲೆಯಲ್ಲಿ. ಹೊಡೆದವರು ನಾವೇ ಅನ್ನಬೇಕು.

ನಮ್ಮಲ್ಲಿಯೂ ಕಥೆ ತೀರಾ ಬೇರೆ ಏನಿಲ್ಲ. 1967ರಿಂದ ಬಂದ ಅಮರ ಚಿತ್ರಕಥೆ ಮಾಲೆಯಲ್ಲಿ ಪುರಾಣದ ರಾಜನಿಗೂ ಸ್ವಾತಂತ್ರ್ಯ ಹೋರಾಟಗಾರನಿಗೂ ಹೆಚ್ಚು ಕಡಿಮೆ ಒಂದೇ ಬೆನ್ನು, ಒಂದೇ ಭುಜ. ಅಗಲ ಎದೆ, ನೇರ ನೋಟ, ಮೇಲೊಂದು ಪಟ್ಟಿಯಲ್ಲಿ 'ಹೀಗಿರಲು ಒಂದು ದಿನ' ಅನ್ನುವ ಧಾಟಿಯ ಒಕ್ಕಣೆ. ನಮ್ಮಲ್ಲಿ ಎಷ್ಟೋ ಜನ ಕಾಮಿಕ್ಸ್ ಓದುವುದನ್ನು ಕಲಿತದ್ದೇ ಅದರಿಂದ, ಅದನ್ನು ಹಳಿಯುವ ಉದ್ದೇಶ ನನಗಿಲ್ಲ. ಅಂಬೇಡ್ಕರ್ ಮೇಲೂ ಆ ಮಾಲೆಯಲ್ಲಿ ಒಂದು ಸಂಚಿಕೆ ಇದೆ. ಆದರೆ ಆ ಅಚ್ಚು ಇದೆಯಲ್ಲ, ಅದರೊಳಗೆ ಯಾರನ್ನು ಹಾಕಿದರೂ ಒಂದೇ ಆಕಾರದಲ್ಲಿ ಹೊರಗೆ ಬರುತ್ತಾರೆ.

ಆ ಅಚ್ಚನ್ನು ವ್ಯಾಮ್ ದಂಪತಿ ಮುಟ್ಟಲೇ ಇಲ್ಲ. ಪುಸ್ತಕದ ಕೊನೆಯಲ್ಲಿ ಇದರ ಹಿಂದಿನ ಕಥೆ ಇದೆ. ಕೆಲಸ ಶುರು ಮಾಡುವ ಮುಂಚೆ ಬೇರೆ ಬೇರೆ ದೇಶದ ಗ್ರಾಫಿಕ್ ಕಾದಂಬರಿಗಳನ್ನು ಅವರಿಗೆ ತೋರಿಸಿದರಂತೆ. ನೋಡಿದ ಮೇಲೆ ಅವರು ಖಡಾಖಂಡಿತವಾಗಿ ಹೇಳಿದ್ದು ಇಷ್ಟು: ನಮ್ಮ ಪಾತ್ರಗಳನ್ನು ಪೆಟ್ಟಿಗೆಗಳಲ್ಲಿ ತುರುಕುವುದಿಲ್ಲ, ಅದರಲ್ಲಿ ಅವಕ್ಕೆ ಉಸಿರು ಕಟ್ಟುತ್ತದೆ, ನಮ್ಮ ಕಲೆ ಬಯಲಿನದು, ಎಲ್ಲರೂ ಉಸಿರಾಡಲು ಜಾಗ ಬೇಕು. ಶೈಲಿಯ ಬಗ್ಗೆ ಆಡಿದ ಮಾತು ಅಂತ ಓದಿ ಮುಂದೆ ಹೋಗಬಹುದು. ಆದರೆ ಯಾರ ಕಥೆ ಬರೆಯಲು ಕೂತು ಹೀಗೆ ಹೇಳಿದರು ನೋಡಿ. ಇಲ್ಲಿ ಕೂರಬೇಡ, ಇದನ್ನು ಮುಟ್ಟಬೇಡ, ಈ ಗೆರೆ ದಾಟಬೇಡ ಅಂತಲೇ ಜೀವನಪೂರ್ತಿ ಕೇಳಿಸಿಕೊಂಡ ಮನುಷ್ಯನ ಕಥೆ. ಅದಕ್ಕೆ ಚೌಕ ಹಾಕುವುದಿಲ್ಲ ಅಂತ ಅವರು ಹಟ ಹಿಡಿದರು. ಈ ಒಂದೇ ನಿರ್ಧಾರದಿಂದ ಅರ್ಧ ಪುಸ್ತಕ ಗೆದ್ದುಬಿಟ್ಟಿದೆ ಅನ್ನುವುದು ನನ್ನ ಅಭಿಪ್ರಾಯ.

ಹಾಗಾದರೆ ಪುಟ ಹೇಗಿದೆ? ಗೊಂಡರು ಮನೆಯ ಗೋಡೆಗೆ, ನೆಲಕ್ಕೆ ಬಿಡಿಸುವ 'ದಿಗ್ನಾ' ಅನ್ನುವ ವಿನ್ಯಾಸ ಇದೆ. ಚೌಕಗಳ ಬದಲು ಅದರ ಪಟ್ಟಿಗಳು ಪುಟದಲ್ಲಿ ಬಳುಕುತ್ತಾ ಹೋಗುತ್ತವೆ. ಒಂದು ಕಡೆ ಒಂದು ಘಟನೆ, ಬಳುಕಿನ ಇನ್ನೊಂದು ಮಗ್ಗುಲಿಗೆ ಮತ್ತೊಂದು. ಗೆರೆ ಮುಚ್ಚಿಕೊಳ್ಳುವುದೇ ಇಲ್ಲ. ಮೊದಲ ಸಲ ಓದುವಾಗ ದಾರಿ ತಪ್ಪುವುದು ಖಂಡಿತ. ಎಡದಿಂದ ಬಲಕ್ಕೋ, ಮೇಲಿಂದ ಕೆಳಕ್ಕೋ, ಯಾವ ಮಾತು ಮೊದಲು, ಯಾರ ಉತ್ತರ ಯಾರಿಗೆ, ಇದೆಲ್ಲ ಕೆಲವು ಪುಟಗಳಲ್ಲಿ ನಿಜಕ್ಕೂ ಗೋಜಲು. ಇದನ್ನು ಕಲೆಯ ಹೆಸರಲ್ಲಿ ನಾನು ಮಾಫಿ ಮಾಡುವುದಿಲ್ಲ. ಮಾತುಗಳನ್ನು ಎಲ್ಲಿ ಕೂರಿಸಬೇಕು ಅನ್ನುವುದರಲ್ಲಿ ಇನ್ನೊಂದಿಷ್ಟು ತಾಳ್ಮೆ ತೋರಿಸಬಹುದಿತ್ತು.

ಆದರೆ ಬಿಳಿ ಪಟ್ಟಿ ಹೋದದ್ದರಿಂದ ಬೇರೊಂದು ಸಂಗತಿ ನಡೆದಿದೆ. ಹೊಡೆತ ಬೀಳಲು ಜಾಗವೇ ಇಲ್ಲ! 'ಮುಷ್ಟಿ ಎತ್ತಿದ, ಅವನು ಬಿದ್ದ' ಅನ್ನುವ ವ್ಯಾಕರಣ ಇಲ್ಲಿ ನಡೆಯುವುದಿಲ್ಲ. ಕ್ಷಣ ಕ್ಷಣವಾಗಿ ಕತ್ತರಿಸಿದ ಕಾಲ ಇಲ್ಲಿಲ್ಲ. ಒಂದೇ ಹರವಿನಲ್ಲಿ ಎಲ್ಲವೂ ಇದೆ, ನಮ್ಮ ಕಣ್ಣು ಹೋದಷ್ಟು ಹೊತ್ತು ಅದು ನಡೆಯುತ್ತಿರುತ್ತದೆ. ಹೊಡೆದು ಗೆಲ್ಲುವ ನಾಯಕನಿಗೆ ಇಂಥ ಪುಟ ಪ್ರಯೋಜನಕ್ಕೆ ಬಾರದು. ಈ ಕಥೆಯ ನಾಯಕ ಯಾರಿಗೂ ಹೊಡೆಯುವುದಿಲ್ಲ, ಕೇಳುತ್ತಾನೆ, ಇಲ್ಲ ಅನ್ನಿಸಿಕೊಳ್ಳುತ್ತಾನೆ, ಕಾಯುತ್ತಾನೆ, ಮತ್ತೆ ಕೇಳುತ್ತಾನೆ.

ಇನ್ನೊಂದು ವಿಷಯ. ಗೊಂಡ ಚಿತ್ರದಲ್ಲಿ ಹತ್ತಿರ ದೂರ ತೋರಿಸುವ ಆಳ ಇಲ್ಲ, ನೆರಳು ಬೆಳಕು ಇಲ್ಲ. ಚುಕ್ಕೆ, ಗೆರೆ, ಅಲೆಗಳಿಂದ ಮೈ ತುಂಬಿರುತ್ತದೆ, ಅಷ್ಟೇ. ಒಬ್ಬೊಬ್ಬ ಕಲಾವಿದರಿಗೂ ತಮ್ಮದೇ ತುಂಬುವ ರೀತಿ, ಸಹಿಯ ಹಾಗೆ. ಆಳ ಇಲ್ಲದ ಮೇಲೆ ಕ್ಯಾಮೆರಾ ಇಡುವ ಜಾಗವೂ ಇಲ್ಲ. ಕ್ಯಾಮೆರಾ ಇಲ್ಲದಿದ್ದರೆ ಕೆಳಗಿನಿಂದ ಮೇಲಕ್ಕೆ ನೋಡುವ ಆ ಹೀರೋ ಕೋನ ಎಲ್ಲಿಂದ ಬರಬೇಕು? ಹಾಗಾಗಿ ಅಂಬೇಡ್ಕರ್ ಇಲ್ಲಿ ನಮ್ಮ ತಲೆಯ ಮೇಲೆ ಎದ್ದು ನಿಲ್ಲುವುದಿಲ್ಲ, ಮರ, ಹಕ್ಕಿ, ಜನ, ಪ್ರಾಣಿಗಳ ಜೊತೆ ಅದೇ ನೆಲದಲ್ಲಿದ್ದಾರೆ. ಮುಖ್ಯ ಅನ್ನಿಸಿದಾಗ ಮುಖವೋ ಮೈಯೋ ಇಡೀ ಪುಟಕ್ಕೆ ಹಬ್ಬುತ್ತದೆ. ಆದರೂ ನಾವು ಕತ್ತೆತ್ತಿ ನೋಡುತ್ತಿದ್ದೇವೆ ಅನ್ನಿಸುವುದಿಲ್ಲ, ಎದುರು ಕೂತ ಹಾಗಿರುತ್ತದೆ. ನೀಲಿ ಕೋಟು, ಕನ್ನಡಕ, ಕೈಯಲ್ಲಿ ಪುಸ್ತಕ, ಎತ್ತಿದ ತೋರುಬೆರಳು ಅಂತ ಪ್ರತಿಮೆಗಳಲ್ಲಿ ನಾವು ನೋಡಿ ನೋಡಿ ರೂಢಿಯಾದ ಅಂಬೇಡ್ಕರ್ ಪಕ್ಕ ಇದನ್ನಿಟ್ಟು ನೋಡಿ. ಪ್ರತಿಮೆ ಪೀಠದ ಮೇಲಿರುತ್ತದೆ. ಪೀಠಕ್ಕೂ ಒಂದು ಕಾರಣ ಇದೆ, ಅದನ್ನು ಕಟ್ಟಿದ ಜನಕ್ಕೆ ಆ ಎತ್ತರ ಬೇಕಿತ್ತು. ಈ ಪುಸ್ತಕ ಆ ಎತ್ತರವನ್ನು ಕಡಿಮೆ ಮಾಡದೆ ಪೀಠವನ್ನಷ್ಟೇ ತೆಗೆದಿದೆ.

ಕಥೆ ಹೇಳುವ ರೀತಿಗೆ ಬರೋಣ. ಸೂಪರ್‌ಹೀರೋಗೆ ಒಂದು ಮೂಲಕಥೆ ಇರುತ್ತದೆ ಅಲ್ವಾ? 1939ರಲ್ಲಿ ಬ್ಯಾಟ್‌ಮ್ಯಾನ್ ಮೂಲ ಹೇಳಿದ್ದು ಒಂದೆರಡೇ ಪುಟದಲ್ಲಿ. ಹುಡುಗನ ಕಣ್ಣೆದುರೇ ತಂದೆ ತಾಯಿಯ ಕೊಲೆ, ಪ್ರತಿಜ್ಞೆ, ಮುಂದೆ ಬೆಳೆದು ದೊಡ್ಡವನಾಗಿ ಮುಖವಾಡ. ಒಂದು ಗಾಯ, ಅದರಿಂದ ಒಂದು ಶಕ್ತಿ. ಗಾಯ ಹಿಂದೆ ಉಳಿಯುತ್ತದೆ, ನಾಯಕ ಮುಂದೆ ಹೋಗುತ್ತಾನೆ.

'ಭೀಮಾಯಣ'ದಲ್ಲಿ ಗಾಯ ಹಿಂದೆ ಉಳಿಯುವುದೇ ಇಲ್ಲ. 1901ರಲ್ಲಿ ಭೀಮ ಸುಮಾರು ಹತ್ತು ವರ್ಷದ ಹುಡುಗ. ಶಾಲೆಯಲ್ಲಿ ಬಾಯಾರಿದರೆ ನಲ್ಲಿ ಮುಟ್ಟುವ ಹಾಗಿಲ್ಲ. ಜವಾನ ಬಂದು ತಿರುಗಿಸಬೇಕು. ಜವಾನ ಇಲ್ಲದ ದಿನ ನೀರೂ ಇಲ್ಲ. ಅದೇ ವರ್ಷ ಅಪ್ಪ ಕೆಲಸ ಮಾಡುತ್ತಿದ್ದ ಊರಿಗೆ ಹುಡುಗರೇ ರೈಲಿನಲ್ಲಿ ಹೊರಡುತ್ತಾರೆ. ಅಂಬೇಡ್ಕರ್ ತಮ್ಮ ಬರಹದಲ್ಲಿ ಆ ದಿನದ ಬಟ್ಟೆಗಳನ್ನು ಎಷ್ಟು ಆಸೆಯಿಂದ ನೆನೆದಿದ್ದಾರೆ ಅಂದರೆ, ಹೊಸ ಅಂಗಿ, ಮಿನುಗುವ ಟೋಪಿ, ರೇಷ್ಮೆ ಅಂಚಿನ ಧೋತ್ರ. ಸ್ಟೇಷನ್ ಮಾಸ್ತರಿಗೆ ಇವರು ಬ್ರಾಹ್ಮಣರ ಮಕ್ಕಳು ಅನ್ನಿಸಿತು, ಪ್ರೀತಿಯಿಂದ ವಿಚಾರಿಸಿದ. ನಾವು ಮಹಾರರು ಅಂದ ಕೂಡಲೇ ಮುಖ ಬದಲಾಯಿತು. ಉಡುಪು ಹಾಕಿದರೆ ಶಕ್ತಿ ಬರುವುದು ಸೂಪರ್‌ಹೀರೋಗೆ. ಇಲ್ಲಿ ಒಳ್ಳೆಯ ಉಡುಪಿನ ಶಕ್ತಿ ಜಾತಿ ಕೇಳುವವರೆಗೆ ಮಾತ್ರ.

ಮುಂದೆ ಬರೋಡಾ. ಕೊಲಂಬಿಯಾದಲ್ಲಿ ಓದಿ, ಲಂಡನ್‌ನಲ್ಲೂ ಓದಿ, ತಮ್ಮ ಓದಿಗೆ ನೆರವು ಕೊಟ್ಟ ಸಂಸ್ಥಾನದಲ್ಲೇ ಕೆಲಸಕ್ಕೆ ಬಂದ ಅಂಬೇಡ್ಕರ್ ಅವರಿಗೆ ತಲೆ ಇಡಲು ಒಂದು ಕೋಣೆ ಸಿಗುವುದಿಲ್ಲ. ಪಾರ್ಸಿ ವಸತಿಗೃಹವೊಂದರಲ್ಲಿ ಪಾರ್ಸಿ ಹೆಸರು ಬರೆಸಿ ಉಳಿಯುತ್ತಾರೆ. ನೋಡುತ್ತಿದ್ದೀರಲ್ಲ, ಇದೂ ಸೂಪರ್‌ಹೀರೋ ಕಥೆಯ ಸಾಮಾನೇ. ಗುಟ್ಟಿನ ಹೆಸರು! ಆದರೆ ತಲೆಕೆಳಗಾಗಿದೆ. ಅಲ್ಲಿ ಮುಖವಾಡದ ಹಿಂದೆ ಒಬ್ಬ ಮಾಮೂಲಿ ಮನುಷ್ಯ, ಮುಖವಾಡ ಹಾಕಿದರೆ ಅದ್ಭುತ. ಇಲ್ಲಿ ಅದ್ಭುತ ಓದು ಓದಿದ ಮನುಷ್ಯ ಮಾಮೂಲಿಯವನ ಹಾಗೆ ಒಂದು ಹಾಸಿಗೆಯ ಮೇಲೆ ಮಲಗಲು ಸುಳ್ಳು ಹೆಸರು ಹೊರಬೇಕು. ಕೊನೆಗೆ ಗುಟ್ಟು ಬಯಲಾಗಿ ಒಂದು ಗುಂಪು ದೊಣ್ಣೆ ಹಿಡಿದು ಬರುತ್ತದೆ. ಗೆಳೆಯರ ಮನೆಗಳಲ್ಲಿಯೂ ಜಾಗ ಇಲ್ಲ. ಉದ್ಯಾನದ ಮರದ ಕೆಳಗೆ ಕೂತು, ರಾತ್ರಿ ಬೊಂಬಾಯಿ ರೈಲು ಹತ್ತುವವರೆಗೆ ಹೊತ್ತು ಕಳೆಯಬೇಕು. ಆ ಹೊತ್ತನ್ನು ವ್ಯಾಮ್ ದಂಪತಿ ಅವಸರ ಮಾಡದೆ ಬರೆದಿದ್ದಾರೆ. ಮರ ಸುಮ್ನೆ ಹಿನ್ನೆಲೆಯಾಗಿ ನಿಂತಿಲ್ಲ. ಗೊಂಡ ಚಿತ್ರದಲ್ಲಿ ಮರ ಯಾವತ್ತೂ ಹಿನ್ನೆಲೆ ಆಗುವುದಿಲ್ಲ.

ನೀರು, ಸೂರು, ಪ್ರಯಾಣ ಅನ್ನುವ ಭಾಗಗಳ ಜಾಣತನ ಇಲ್ಲಿದೆ. ಬಾಲ್ಯ, ಯೌವನ, ಸಾಧನೆ ಅಂತ ವಿಂಗಡಿಸಿದ್ದರೆ ಕಥೆ ತಾನಾಗಿಯೇ ಏಣಿ ಹತ್ತುತ್ತಿತ್ತು. ಮೆಟ್ಟಿಲು ಮೆಟ್ಟಿಲಾಗಿ ನಾಯಕ ಬೆಳೆದ, ಕೊನೆಗೆ ಗೆದ್ದ ಅನ್ನುವ ನೆಮ್ಮದಿ ನಮಗೆ ಸಿಗುತ್ತಿತ್ತು. ಇಲ್ಲಿ ಆ ನೆಮ್ಮದಿ ಇಲ್ಲ. ಹತ್ತು ವರ್ಷದವನಿಗೆ ಆದದ್ದೇ ದೊಡ್ಡ ಪದವಿಗಳಿದ್ದವರಿಗೂ ಆಗುತ್ತದೆ. 1934ರಲ್ಲಿ ದೌಲತಾಬಾದ್ ಕೋಟೆಯಲ್ಲಿ, ಅಷ್ಟು ಹೊತ್ತಿಗೆ ದೇಶಕ್ಕೆಲ್ಲ ಗೊತ್ತಿದ್ದ ನಾಯಕ, ಜೊತೆಗಾರರೊಂದಿಗೆ ಧೂಳು ತೊಳೆಯಲು ಕೊಳದ ನೀರು ಮುಟ್ಟಿದ್ದಕ್ಕೆ ಕೂಗಾಟ. ಮೂವತ್ತಮೂರು ವರ್ಷ ಕಳೆದರೂ ಅದೇ ನೀರು. ಬೆಳೆಯುವುದು ನಾಯಕ, ಬದಲಾಗದೆ ಉಳಿಯುವುದು ಊರು. ಇದನ್ನು ಮಾತಿನಲ್ಲಿ ಹೇಳಿದ್ದರೆ ಭಾಷಣ ಆಗುತ್ತಿತ್ತು, ಕಥೆಯ ಜೋಡಣೆಯೇ ಹೇಳುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಚಾಳೀಸ್‌ಗಾಂವ್‌ನ ಟಾಂಗಾ ಪ್ರಸಂಗ. 1929. ಅಂಬೇಡ್ಕರ್ ಊರಿಗೆ ಬಂದಿದ್ದಾರೆ. ಮಹಾರರನ್ನು ಕೂರಿಸಿಕೊಂಡು ಗಾಡಿ ಹೊಡೆಯಲು ಟಾಂಗಾದವರು ಒಪ್ಪುವುದಿಲ್ಲ. ಕೇರಿಯ ಜನಕ್ಕೆ ತಮ್ಮ ಅತಿಥಿಯನ್ನು ನಡೆಸಿಕೊಂಡು ಹೋಗಲು ಮನಸ್ಸಿಲ್ಲ. ಅದಕ್ಕೆ ಗಾಡಿಯನ್ನಷ್ಟೇ ಬಾಡಿಗೆಗೆ ತಂದು, ಗಾಡಿ ಹೊಡೆದು ಅಭ್ಯಾಸವೇ ಇಲ್ಲದ ತಮ್ಮವನೊಬ್ಬನ ಕೈಗೆ ಲಗಾಮು ಕೊಡುತ್ತಾರೆ. ಸೇತುವೆಯ ಮೇಲೆ ಗಾಡಿ ಎಡವುತ್ತದೆ, ಅಂಬೇಡ್ಕರ್ ಕಲ್ಲಿನ ಮೇಲೆ ಬೀಳುತ್ತಾರೆ, ಕಾಲು ಮುರಿಯುತ್ತದೆ. ಇಲ್ಲಿ ಎದುರಾಳಿ ಯಾರು? ದೊಣ್ಣೆ ಹಿಡಿದವರು ಯಾರೂ ಇಲ್ಲ. ನೋವು ಬಂದದ್ದು ತಮ್ಮ ಜನರ ಪ್ರೀತಿಯಿಂದ, ಮರ್ಯಾದೆ ಉಳಿಸಬೇಕು ಅನ್ನುವ ಆಸೆಯಿಂದ. ಬೇರೆ ಯಾವ ಹೀರೋ ಕಾಮಿಕ್ಸ್‌ನಲ್ಲಿಯೂ ಗಾಡಿ ಇಷ್ಟು ಕೆಲಸ ಮಾಡಿದ್ದನ್ನು ನಾನು ನೋಡಿಲ್ಲ. (ಬ್ಯಾಟ್‌ಮ್ಯಾನ್ ಗಾಡಿಗೆ ಏನೆಲ್ಲ ಇದೆ, ಆದರೆ ಅದಕ್ಕೆ ಚಾಲಕ ಸಿಗದ ಕಷ್ಟ ಮಾತ್ರ ಇಲ್ಲ.)

ಈಗ ಮಾತಿನ ಬಬಲ್‌ಗಳ ವಿಷಯ. ಈ ಪುಸ್ತಕದ ಬಗ್ಗೆ ಯಾರು ಮಾತಾಡಿದರೂ ಇದನ್ನು ಹೇಳದೆ ಬಿಡುವುದಿಲ್ಲ. ಮೆದು ಮಾತು ಆಡುವವರ, ನೋವು ಉಂಡವರ ಬಬಲ್ ಹಕ್ಕಿಯ ಆಕಾರ. ಕುಟುಕುವ ಮಾತಿಗೆ ಚೇಳಿನ ಬಾಲ. ಮನಸ್ಸಿನಲ್ಲೇ ಅಂದುಕೊಂಡದ್ದಕ್ಕೆ ಒಂದು ಕಣ್ಣು. ಮೊದಲು ನೋಡಿದಾಗ ಖುಷಿಯಾಗುತ್ತದೆ. ಎಷ್ಟು ಸರಳ, ಎಷ್ಟು ಸರಿ. 'ವಾಚ್‌ಮೆನ್' ಅನ್ನುವ ಸೂಪರ್‌ಹೀರೋ ಕಾಮಿಕ್ಸ್‌ನಲ್ಲೂ ಪಾತ್ರಕ್ಕೆ ತಕ್ಕಂತೆ ಬಬಲ್ ಬದಲಾಗುತ್ತದೆ, ರೋರ್ಶಾಕ್ ಮಾತಿಗೆ ಹರಕು ಅಂಚು, ಡಾಕ್ಟರ್ ಮ್ಯಾನ್‌ಹ್ಯಾಟನ್ ಮಾತಿಗೆ ನೀಲಿ. ಆದರೆ ಅಲ್ಲಿ ಅದು ದನಿಯ ಗುರುತು. ಇಲ್ಲಿ ಆ ಮಾತು ಕೇಳಿಸಿಕೊಂಡವರಿಗೆ ಏನಾಯಿತು ಅನ್ನುವುದರ ಗುರುತು. ಬಬಲ್ ಅನ್ನು ಕಿವಿಯ ಕಡೆಯಿಂದ ಬರೆದಿದ್ದಾರೆ ಅನ್ನಬಹುದು. ಇದು ಸಣ್ಣ ವಿಷಯ ಅಲ್ಲ.

ಆದರೂ ನನ್ನದೊಂದು ತಕರಾರು ಇದೆ. ಚೇಳಿನ ಬಾಲ ನೋಡಿದ ಮೇಲೆ ಒಳಗಿನ ಮಾತು ಓದುವ ಅಗತ್ಯ ಏನು? ತೀರ್ಪು ಮೊದಲೇ ಬಂದಾಯಿತು. ಹಕ್ಕಿ ಮತ್ತು ಚೇಳಿನ ನಡುವೆ ಇರುವವರ ಗತಿ ಏನು? ಅಂಬೇಡ್ಕರ್ ಬರಹದಲ್ಲಿ ಅಂಥವರೇ ಜಾಸ್ತಿ ಕಾಡುತ್ತಾರೆ. ಬರೋಡಾದ ವಸತಿಗೃಹ ನೋಡಿಕೊಳ್ಳುತ್ತಿದ್ದವನನ್ನೇ ತಗೊಳ್ಳಿ. ಇವರು ಪಾರ್ಸಿ ಅಲ್ಲ ಅಂತ ಅವನಿಗೆ ಗೊತ್ತು. ಗಿರಾಕಿ ಇಲ್ಲದೆ ಕೂತಿದ್ದಾನೆ, ನಾಲ್ಕು ಕಾಸು ಸಿಗಲಿ ಅಂತ ಸುಳ್ಳು ಹೆಸರಿಗೆ ಒಪ್ಪುತ್ತಾನೆ. ಇವನು ಹಕ್ಕಿಯೋ ಚೇಳೋ? ಬಾಲ್ಯದ ಆ ಪ್ರಯಾಣದಲ್ಲಿ ರೈಲು ಇಳಿದ ಮೇಲೆ ಹುಡುಗರಿಂದ ಎರಡು ಪಾಲು ದುಡ್ಡು ತಗೊಂಡು, ಗಾಡಿಯಲ್ಲಿ ಜೊತೆಗೆ ಕೂರದೆ ಪಕ್ಕದಲ್ಲೇ ನಡೆಯುತ್ತೇನೆ ಅಂದ ಗಾಡಿಯವನು? ಜಾತಿ ಬದುಕಿರುವುದು ಬರೀ ಚೇಳುಗಳಿಂದ ಆಗಿದ್ದರೆ ಕೆಲಸ ಸುಲಭ ಇತ್ತು. ಲೆಕ್ಕ ಹಾಕಿ, ಕಣ್ಣು ತಪ್ಪಿಸಿ, ಅರ್ಧ ದಯೆ ತೋರಿಸಿ ಸರಿದುಹೋಗುವವರಿಗೆ ಮೂರನೆಯ ಆಕಾರ ಒಂದು ಬೇಕಿತ್ತು. ಚಿತ್ರದಲ್ಲಿ ಇಷ್ಟೆಲ್ಲ ಕಲ್ಪನೆ ಇದ್ದವರಿಗೆ ಅದು ಕಷ್ಟ ಆಗುತ್ತಿರಲಿಲ್ಲ.

ಕಲ್ಪನೆ ಅಂದರೆ ಎಂಥದ್ದು ಗೊತ್ತಾ? ಬಾಯಾರಿದ ಹುಡುಗ ಭೀಮನ ಮೈಯೇ ಮೀನಾಗುತ್ತದೆ. ನೀರಿಲ್ಲದ ಮೀನು ಅಂತ ಪಕ್ಕದಲ್ಲಿ ಯಾರೂ ಬರೆದು ಹೇಳಿಲ್ಲ. ರೈಲು ಹಾವಾಗಿ ಹರಿಯುತ್ತದೆ. ಮಹಾಡ್‌ನಲ್ಲಿ, 1927ರ ಮಾರ್ಚ್‌ನಲ್ಲಿ, ಚವದಾರ್ ಕೆರೆಯ ನೀರು ನಮ್ಮದೂ ಹೌದು ಅಂತ ಸಾವಿರಾರು ಜನ ಸೇರಿದ ಸಭೆಯಲ್ಲಿ ಅಂಬೇಡ್ಕರ್ ಮಾತಾಡುತ್ತಿದ್ದರೆ ಧ್ವನಿವರ್ಧಕಗಳು ಜನರ ಮೇಲೆ ನೀರು ಚಿಮುಕಿಸುತ್ತವೆ. ನಾನು ಈ ಪುಟವನ್ನು ಬಹಳ ಹೊತ್ತು ನೋಡಿದ್ದೇನೆ. ಬೇರೆ ಯಾರಾದರೂ ಬರೆದಿದ್ದರೆ ಇದು ಹೇಗಿರುತ್ತಿತ್ತು ಯೋಚಿಸಿ. ವೇದಿಕೆ, ಎತ್ತಿದ ಕೈ, ಕೆಳಗೆ ಮುಖವಿಲ್ಲದ ಜನಸಾಗರ. ನಾಯಕನಿಗೆ ಧ್ವನಿ, ಜನಕ್ಕೆ ಚಪ್ಪಾಳೆ. ಇಲ್ಲಿ ನಾಯಕನ ಶಕ್ತಿ ಅವನ ಮೈಯಲ್ಲಿಲ್ಲ. ಅದು ಹೊರಟು ಜನರ ಮೇಲೆ ಬಿದ್ದು ಅವರನ್ನು ತೋಯಿಸುತ್ತದೆ. ಸೂಪರ್‌ಪವರ್ ಅನ್ನುವ ಪದ ಬಳಸಲೇಬೇಕು ಅಂದರೆ ಈ ಪುಟಕ್ಕೆ ಬಳಸುತ್ತೇನೆ.

ಪರಧಾನರು ಹಿಂದಿನಿಂದಲೂ ಗೊಂಡರ ಕಥೆಗಾರರು, ಬಾನಾ ಅನ್ನುವ ತಂತಿವಾದ್ಯ ನುಡಿಸುತ್ತಾ ದೇವರ, ರಾಜರ ಕಥೆ ಹಾಡುತ್ತಿದ್ದವರು. 1980ರ ದಶಕದಲ್ಲಿ ಜನಗಢ ಸಿಂಗ್ ಶ್ಯಾಮ್ ಭೋಪಾಲದ ಭಾರತ ಭವನದಲ್ಲಿ ಕಾಗದ, ಬಟ್ಟೆಯ ಮೇಲೆ ಬರೆಯಲು ಶುರು ಮಾಡಿದ ಮೇಲೆ ಆ ಹಾಡು ಚಿತ್ರಕ್ಕೆ ಬಂತು. ನಾಯಕನನ್ನು ಹೊಗಳುವುದು ಇವರಿಗೆ ಯಾರೂ ಕಲಿಸಬೇಕಾದ ವಿದ್ಯೆಯೇ ಅಲ್ಲ. ಅಮೆರಿಕದ ಕಾಮಿಕ್ಸ್ ನೋಡಿ ಕಲಿತವರು ಬರೆದಿದ್ದರೆ ಈ ಪುಸ್ತಕ ಹುಟ್ಟುತ್ತಿರಲಿಲ್ಲ. (ದುರ್ಗಾಬಾಯಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಸಂತೋಷ.)

ಇನ್ನು ಬೇಸರದ ಭಾಗ. ಇಡೀ ಕಥೆಗೆ ಒಂದು ಹೊರಚೌಕಟ್ಟು ಇದೆ, ಇಂದಿನ ನಗರವೊಂದರ ಬಸ್ ನಿಲ್ದಾಣ. ಒಬ್ಬ ಯುವಕ ಮೀಸಲಾತಿಯಿಂದ ತನಗೆ ಅನ್ಯಾಯ ಅಂತ ಗೊಣಗುತ್ತಾನೆ. ಪಕ್ಕದಲ್ಲಿ ಕೂತ ಹೆಂಗಸು ಅವನಿಗೆ ಅಂಬೇಡ್ಕರ್ ಕಥೆ ಹೇಳುತ್ತಾಳೆ, ಇಂದಿಗೂ ನಡೆಯುವ ದೌರ್ಜನ್ಯಗಳನ್ನು ನೆನಪಿಸುತ್ತಾಳೆ, 2006ರಲ್ಲಿ ಮಹಾರಾಷ್ಟ್ರದ ಖೈರ್ಲಾಂಜಿಯಲ್ಲಿ ನಡೆದ ದಲಿತ ಕುಟುಂಬದ ಹತ್ಯೆಯ ತನಕ. ಉದ್ದೇಶ ಅರ್ಥವಾಗುತ್ತದೆ. ಇದು ಮುಗಿದ ಕಥೆ ಅಲ್ಲ ಅಂತ ಹೇಳಲು ಪತ್ರಿಕೆಯ ತುಣುಕುಗಳೂ ಬರುತ್ತವೆ, ಅವು ಚೆನ್ನಾಗಿ ಕೆಲಸ ಮಾಡುತ್ತವೆ, ಚಿತ್ರದ ಬಳುಕಿನ ನಡುವೆ ಒಣ ಅಚ್ಚಿನ ಅಕ್ಷರ ಕಂಡರೆ ಎದೆ ಝಲ್ಲೆನ್ನುತ್ತದೆ. ಆದರೆ ಆ ಯುವಕ ಮನುಷ್ಯನಾಗಿ ಉಳಿದಿಲ್ಲ. ಅವನು ತಪ್ಪು ಪ್ರಶ್ನೆ ಕೇಳುವುದಕ್ಕೆ ಇದ್ದಾನೆ, ಅವಳು ಸರಿ ಉತ್ತರ ಕೊಡುವುದಕ್ಕೆ ಇದ್ದಾಳೆ. ವಾದ ಮಾಡುವ ಯಾರೂ ಇಷ್ಟು ಬೇಗ ತಣ್ಣಗಾಗುವುದಿಲ್ಲ, ನಾವೆಲ್ಲ ನೋಡಿದ್ದೇವೆ. ಚೌಕ ಹಾಕುವುದಿಲ್ಲ ಅಂತ ಹೊರಟ ಪುಸ್ತಕ ಕೊನೆಗೆ ಈ ಇಬ್ಬರನ್ನು ಮಾತ್ರ ಚೌಕಕ್ಕೆ ಹಾಕಿದೆ ಅನ್ನಿಸಿತು.

ಅಂಬೇಡ್ಕರ್ ಪಾತ್ರದಲ್ಲಿಯೂ ಒಂದು ಕೊರತೆ. ಅವರ ಬರಹದಲ್ಲಿ ಒಂದು ಒಣ ವ್ಯಂಗ್ಯ ಇದೆ, ತಮ್ಮ ಪಾಡನ್ನು ತಾವೇ ದೂರ ನಿಂತು ನೋಡುವ ಧಾಟಿ. ಪುಸ್ತಕದಲ್ಲಿ ಅದು ಸಾಕಷ್ಟು ಸೋರಿಹೋಗಿದೆ. ಸಿಟ್ಟು, ತಮಾಷೆ, ಹಟಮಾರಿತನ, ಇವೆಲ್ಲ ಇರುವ ಮನುಷ್ಯ ಇಲ್ಲಿ ಬಹುಪಾಲು ತಾಳ್ಮೆಯ ಮೂರ್ತಿ. ಆರ್ಟ್ ಸ್ಪೀಗೆಲ್‌ಮನ್ ಅವರ 'ಮೌಸ್' ನೋಡಿ. ನಾಜಿಗಳ ಕೈಯಿಂದ ಬದುಕಿ ಬಂದ ತನ್ನ ತಂದೆಯನ್ನು ಮಗನೇ ಜಿಪುಣ, ಕಿರಿಕಿರಿಯ ಮುದುಕ ಅಂತ ಬರೆಯುತ್ತಾನೆ. ಅದರಿಂದ ಆ ಮುದುಕನ ನೋವು ಒಂದು ತೂಕವೂ ಕಡಿಮೆ ಆಗುವುದಿಲ್ಲ. 1992ರಲ್ಲಿ ಆ ಪುಸ್ತಕಕ್ಕೆ ಪುಲಿಟ್ಜರ್ ವಿಶೇಷ ಬಹುಮಾನ ಬಂದದ್ದಕ್ಕೆ ಈ ಧೈರ್ಯವೂ ಒಂದು ಕಾರಣ ಇರಬಹುದು. ಒಪ್ಪುತ್ತೇನೆ, ಎರಡೂ ಒಂದೇ ತರಹದ ಕೆಲಸ ಅಲ್ಲ. ಮಗ ಅಪ್ಪನ ಬಗ್ಗೆ ಬರೆಯುವುದೇ ಬೇರೆ, ಕೋಟ್ಯಂತರ ಜನ ಹೃದಯದಲ್ಲಿಟ್ಟುಕೊಂಡವರ ಬಗ್ಗೆ ಬರೆಯುವುದೇ ಬೇರೆ. ಅಂಬೇಡ್ಕರ್ ಅವರ ಕೊರತೆ ಹುಡುಕಲು ಕಾದು ಕೂತವರೂ ಬಹಳ ಇದ್ದಾರೆ. ಆದರೂ ಅವರದೇ ಬರಹದಲ್ಲಿ ಇರುವ ಮನುಷ್ಯನನ್ನಾದರೂ ಪೂರ್ತಿ ತರಬಹುದಿತ್ತು. ಜೊತೆಗಾರರೂ ಅಷ್ಟೇ, ಚಿತ್ರದಲ್ಲಿ ತುಂಬಿಕೊಂಡಿದ್ದಾರೆ, ಆದರೆ ಪುಸ್ತಕ ಮುಚ್ಚಿದ ಮೇಲೆ ಒಬ್ಬರ ಹೆಸರೂ ನೆನಪಿರುವುದಿಲ್ಲ. ಸಂವಿಧಾನ, 1956ರ ಬೌದ್ಧ ದೀಕ್ಷೆಯಂಥ ದೊಡ್ಡ ಸಂಗತಿಗಳಿಗೆ ಸಿಕ್ಕಿದ ಜಾಗ ಕಡಿಮೆ. ಅದು ನನಗೆ ತಪ್ಪು ಅನ್ನಿಸಲಿಲ್ಲ, ಅವಕ್ಕೆ ಬೇರೆ ಪುಸ್ತಕಗಳಿವೆ.

ಯಾರು ಓದಬಹುದು? ಸೂಪರ್‌ಹೀರೋ ಕಾಮಿಕ್ಸ್ ಓದಿ ಬೆಳೆದವರು ಖಂಡಿತ, ನಮ್ಮ ಕಣ್ಣಿಗೆ ಏನೆಲ್ಲ ರೂಢಿ ಆಗಿಬಿಟ್ಟಿದೆ ಅಂತ ಗೊತ್ತಾಗುತ್ತದೆ. ಚಿತ್ರ ಬರೆಯುವವರು ಕಣ್ಣು ಮುಚ್ಚಿಕೊಂಡು ತಗೊಳ್ಳಿ. ಅಂಬೇಡ್ಕರ್ ಬಗ್ಗೆ ಇದೇ ಮೊದಲ ಓದು ಅನ್ನುವವರು 'ವೇಟಿಂಗ್ ಫಾರ್ ಎ ವೀಸಾ' ಮೊದಲು ಓದಿದರೆ ಒಳ್ಳೆಯದು, ಒಂದೇ ಕೂರಿಕೆಯಲ್ಲಿ ಮುಗಿಯುವಷ್ಟು ಚಿಕ್ಕದು. ಕಥೆಯ ದಾರಿ ಗೊತ್ತಿದ್ದರೆ ಪುಟದಲ್ಲಿ ದಾರಿ ತಪ್ಪುವ ಕಷ್ಟವೂ ಕಡಿಮೆ. ಮಕ್ಕಳಿಗೆ ಕೊಡುವುದಾದರೆ ದೊಡ್ಡವರು ಜೊತೆಗೆ ಕೂರಬೇಕು. ಚಿತ್ರ ನೋಡಿ ಮಕ್ಕಳ ಪುಸ್ತಕ ಅಂದುಕೊಳ್ಳುವ ಅಪಾಯ ಇದೆ, ಪತ್ರಿಕೆಯ ಸುದ್ದಿಗಳಲ್ಲಿ ಕೊಲೆ, ಹಿಂಸೆ ಎಲ್ಲ ಇದೆ.

ಮತ್ತೆ, ದಯವಿಟ್ಟು ಫೋನಿನಲ್ಲಿ ಓದಬೇಡಿ. ಒಂದೊಂದೇ ಪ್ಯಾನೆಲ್ ದೊಡ್ಡದು ಮಾಡಿ ತೋರಿಸುವ ಕಾಮಿಕ್ಸ್ ಆ್ಯಪ್‌ಗಳು ಇಲ್ಲಿ ಏನೂ ಮಾಡಲಾರವು, ಕತ್ತರಿಸಲು ಪ್ಯಾನೆಲ್ಲೇ ಇಲ್ಲ. ಬೆರಳಿನಿಂದ ಹಿಗ್ಗಿಸಿ ಓದಲು ಹೋದರೆ ಮಾತು ಕಾಣುತ್ತದೆ, ಪುಟ ಹೋಗುತ್ತದೆ. ಅಚ್ಚಾದ ಪುಸ್ತಕವನ್ನೇ ಹುಡುಕಿ, ಎರಡೂ ಪುಟ ಪೂರ್ತಿ ತೆರೆದಿಟ್ಟು ನೋಡಿ. ಬಸ್ ನಿಲ್ದಾಣದ ಮಾತುಕತೆಯನ್ನು ಬೇಕಾದರೆ ಬೇಗ ಬೇಗ ಓದಿ ದಾಟಿ, ಮಹಾಡ್ ಪುಟಗಳಿಗೆ ಆ ಸಮಯ ಕೊಡಿ.